ಬ್ರೆಡ್ಡಿನ ಸಾಲಿನಲ್ಲಿ ಹಾಜರಿ

ಜನವರಿ ೧೧, ೧೯೯೩, ಸೋಮವಾರ

ವಿಭಾಗದ ಬಾಗಿಲ ಮೇಲಿದ್ದ ಹಳೆಯ ಫಲಕ ತೆಗೆದಿದ್ದಾರೆ. ಮೂವತ್ತೆರಡು ವರ್ಷ ನಾನು ಪಾಠ ಮಾಡಿದ ‘ಸಮಾಜವಾದದ ರಾಜಕೀಯ ಅರ್ಥಶಾಸ್ತ್ರ’ ಇನ್ನಿಲ್ಲ. ಇನ್ನು ಮೇಲೆ ಬರೀ ‘ಅರ್ಥಶಾಸ್ತ್ರ’. ಕೆಳಗೊಂದು ನೋಟೀಸು: ಪ್ರಾಧ್ಯಾಪಕರೆಲ್ಲ ಹೊಸದಾಗಿ ಆಯ್ಕೆಯಾಗಬೇಕಂತೆ. ಒಂದು ಬಹಿರಂಗ ಪಾಠ, ಆಮೇಲೆ ಇಪ್ಪತ್ತೆರಡು ಮಂದಿಯ ಗುಪ್ತ ಮತ. ನನ್ನ ದಿನ ಮಾರ್ಚ್ ೧೧. ಗೆದ್ದರೆ ಹುದ್ದೆ ಉಳಿಯುತ್ತದೆ, ಸೋತರೆ ಪಿಂಚಣಿ ತೆಗೆದುಕೊಂಡು ಮನೆಗೆ.

ಓದಿ ನನಗೆ ನಗು ಬಂತು. ಬೆಲೆ ನಿಗದಿಯ ಮೇಲೆ ನಾನು ಬರೆದ ಪಠ್ಯಪುಸ್ತಕ ಮೂರು ಮುದ್ರಣ ಕಂಡಿದೆ. ಯೆರೆವಾನಿನ ಅರ್ಧಕ್ಕರ್ಧ ಅರ್ಥಶಾಸ್ತ್ರಜ್ಞರು ನನ್ನ ಮೇಜಿನ ಮೇಲಿಂದ ಪ್ರಶ್ನೆಯ ಚೀಟಿ ಎತ್ತಿ, ಬೆವರಿ, ತೊದಲಿ ಪಾಸಾದವರು. ಮತ ಹಾಕುವ ಇಪ್ಪತ್ತೆರಡು ಮಂದಿಯಲ್ಲಿ ಒಂಬತ್ತು ಜನ ನನ್ನ ಶಿಷ್ಯರು. ಈಗ ವಿಭಾಗದ ಮುಖ್ಯಸ್ಥನಾಗಿರುವ ನೋರಾಯರ್ ಅವರಲ್ಲೊಬ್ಬ. ಎರಡನೇ ಸಲಕ್ಕೆ ಪಾಸಾದವನು. ಕಾರಿಡಾರಿನಲ್ಲಿ ಕೋಟಿನ ಮೇಲೊಂದು ಕೋಟು ಹಾಕಿಕೊಂಡು ನನಗೇ ಕಾಯುತ್ತಿದ್ದ.

“ಮೇಷ್ಟ್ರೇ, ಹಳೇ ಟಿಪ್ಪಣಿ ಮಾತ್ರ ತರಬೇಡಿ. ಏನಾದ್ರೂ ಹೊಸದು, ಈಗಿನ ನಮ್ಮ ಬದುಕಿಂದು ಬೇಕು ಅಂತಿದಾರೆ ಡೀನ್.”

“ಅಭಾವ ಅಂದ್ರೇನು ಅಂತ ನಿನಗೆ ಕಲಿಸಿದ್ದು ಯಾರು, ನೋರಾಯರ್?”

“ನೀವೇ.”

“ಹಾಗಾದ್ರೆ ಸುಮ್ನಿರು.”

ಎರಡು ವಾರದ ಕೆಲಸ. ಫೆಬ್ರವರಿಯಲ್ಲಿ ಶುರು ಮಾಡಿದರೂ ಆದೀತು.

ಜನವರಿ ೧೩, ಬುಧವಾರ

ನನ್ನ ಹೆಂಡತಿ ಸಾತೆನಿಕ್ ಅಂಗಳದ ನಲ್ಲಿಯಿಂದ ನೀರು ತರುವಾಗ ಮಂಜುಗಡ್ಡೆಯ ಮೇಲೆ ಜಾರಿ ಬಿದ್ದಳು. ಪಾದದಿಂದ ಮಂಡಿಯವರೆಗೆ ಪ್ಲಾಸ್ಟರು, ಆರು ವಾರ. ಮಂಚವನ್ನು ಒಲೆಯ ಪಕ್ಕಕ್ಕೆ ಎಳೆದು, ಕಿಟಕಿಯಿಂದ ಅಂಗಳ ಕಾಣುವಂತೆ ಹಾಕಿಕೊಟ್ಟಿದ್ದೇನೆ. ಸೌದೆ ಇರಲಿಲ್ಲವಾದ್ದರಿಂದ ನನ್ನ ಪುಸ್ತಕದ ಎರಡನೇ ಮುದ್ರಣದ ಮೂವತ್ತು ಪ್ರತಿಗಳ ಕಟ್ಟು ಬಿಚ್ಚಿದೆ.

“ನೋಡು ಅರ್ಶೋ, ಕೊನೆಗೂ ನಿನ್ನ ಪುಸ್ತಕದಿಂದ ಒಬ್ಬರಿಗೆ ಬೆಚ್ಚಗಾಯ್ತು,” ಎಂದಳು.

ಕಾಲು ಮುರಿದರೂ ನಾಲಿಗೆ ನೆಟ್ಟಗಿದೆ. ನಾಳೆಯಿಂದ ಬ್ರೆಡ್ಡಿಗೆ ನಾನೇ ಹೋಗಬೇಕು. ಅರವತ್ತಮೂರು ವರ್ಷದಲ್ಲಿ ನಾನು ಯಾವ ಸಾಲಿನಲ್ಲೂ ನಿಂತವನಲ್ಲ. ಅಂಥ ಕಷ್ಟದ ವಿದ್ಯೆಯೇನೂ ಇರಲಾರದು.

ಜನವರಿ ೧೪, ಗುರುವಾರ

ಕಷ್ಟದ ವಿದ್ಯೆ ಅಲ್ಲ, ಮೂರ್ಖತನ.

ಬೆಳಿಗ್ಗೆ ಆರಕ್ಕೆ ಹೋದರೆ ಅಂಗಡಿಯ ಮುಂದೆ ನೂರಕ್ಕೂ ಹೆಚ್ಚು ಜನ. ಅಂಗಡಿ ತೆರೆಯುವುದು ಎಂಟೂವರೆಗೆ. ರಿಪ್ಸಿಕ್ ಎಂಬ ಹೆಂಗಸು ನನ್ನ ಅಂಗೈ ಹಿಡಿದು, ಪೆನ್ನಿನಿಂದ ೧೧೭ ಎಂದು ಬರೆದಳು. ಆಕೆ ಟ್ರಾಲಿಬಸ್ ಓಡಿಸುತ್ತಿದ್ದವಳು. ಯುದ್ಧದಿಂದಾಗಿ ಕರೆಂಟಿಲ್ಲದೆ ಬಸ್ಸುಗಳು ನಿಂತಲ್ಲೇ ನಿಂತ ಮೇಲೆ ಈ ಸಾಲನ್ನು ಓಡಿಸುತ್ತಿದ್ದಾಳೆ. ಶಾಲೆಯ ನೋಟ್‌ಬುಕ್ಕಿನಲ್ಲಿ ನೂರನಲವತ್ತು ಹೆಸರು. ಎಂಟು ಗಂಟೆಗೆ ಹಾಜರಿ. ಆಕೆ ಒಂದೊಂದೇ ಹೆಸರು ಕೂಗುವುದು, ಆ ಮನುಷ್ಯ “ಇದ್ದೀನಿ” ಎನ್ನುವುದು. ಇಲ್ಲದಿದ್ದರೆ ಶುರು: “ಹೈಕಾನುಷ್ ಎಲ್ಲಿ?” “ಮೆಟ್ಟಿಲು ಇಳೀತಿದಾಳೆ, ಎರಡನೇ ಮಹಡಿಗೆ ಬಂದಿದಾಳೆ.” “ಗೀಗೊ ಎಲ್ಲಿ?” “ಹೊಟ್ಟೆ ಕೆಟ್ಟಿದೆಯಂತೆ.” “ಏನು ತಿಂದನಂತೆ, ನಮಗೆ ಸಿಗದೇ ಇರೋದು?” ನೂರನಲವತ್ತು ಜನ ನಗುತ್ತಾರೆ. ಹೀಗೆ ಇಪ್ಪತ್ತೈದು ನಿಮಿಷ.

ನನ್ನ ಹೆಸರು ಬಂದಾಗ ನಾನು ಕೈ ಎತ್ತಿದೆ.

“ಬಾಯಿ ಇಲ್ವಾ ಪ್ರೊಫೆಸರ್ ಜಾನ್?” ಎಂದಳು ರಿಪ್ಸಿಕ್. ಮುದ್ದಿನಿಂದ ಕರೆಯುವ ಆ ‘ಜಾನ್’ನಲ್ಲಿ ಗೇಲಿಯೇ ಹೆಚ್ಚಿತ್ತು.

ಜನವರಿ ೧೯, ಮಂಗಳವಾರ

ಪಾಠದ ವಿಷಯ ಸಿಕ್ಕಿತು. ಸಾಲಿನಲ್ಲಿ ನಿಂತಿದ್ದಾಗಲೇ ಸಿಕ್ಕಿತು, ಕಾಲು ಮರಗಟ್ಟಿದ್ದರೂ ತಲೆ ಓಡುತ್ತಿದೆ ಎಂದು ಸಂತೋಷವಾಯಿತು.

ಇಪ್ಪತ್ತೈದು ನಿಮಿಷವನ್ನು ನೂರನಲವತ್ತು ಜನರಿಂದ ಗುಣಿಸಿದರೆ ದಿನಕ್ಕೆ ಐವತ್ತೆಂಟು ಮಾನವ-ಗಂಟೆ. ಬರೀ ಹೆಸರು ಕೂಗುವುದಕ್ಕೆ! ಕಾಯುವುದು ಬೇರೆ. ಇದಕ್ಕೆ ಮದ್ದು ಸುಲಭ. ಹತ್ತು ಹತ್ತು ಗ್ರಾಹಕರ ಹದಿನಾಲ್ಕು ಗುಂಪು, ಪ್ರತಿ ಗುಂಪಿಗೆ ಹತ್ತು ನಿಮಿಷ. ನಿಮ್ಮ ಸಮಯಕ್ಕೆ ಮನೆಯಿಂದ ಇಳಿಯಿರಿ, ಬ್ರೆಡ್ಡು ತೆಗೆದುಕೊಳ್ಳಿ, ಹೋಗಿ. ಹೆಸರು ಬೇಡ, ಹಾಜರಿ ಬೇಡ. ಇದನ್ನು ಜಾರಿಗೆ ತಂದು, ಅಳೆದು, ಮಾರ್ಚ್ ಹನ್ನೊಂದಕ್ಕೆ ಕರಿಹಲಗೆಯ ಮೇಲೆ ಬರೆಯುತ್ತೇನೆ. ಯೋಜನೆಯ ವಿದ್ಯೆ ಸತ್ತಿಲ್ಲ ಎಂದು ಆ ಇಪ್ಪತ್ತೆರಡು ಮಂದಿಗೂ ಗೊತ್ತಾಗಲಿ.

ನನ್ನ ತಂದೆ ಲೆನಿನಾಕಾನಿನ ಅನಾಥಾಲಯದಲ್ಲಿ ಬೆಳೆದವರು. ಅಲ್ಲಿ ಬೆಳಗಿನ ಹಾಜರಿ ತಿಂಡಿಗಿಂತ ಉದ್ದವಾಗಿರುತ್ತಿತ್ತು ಎನ್ನುತ್ತಿದ್ದರು. ಆ ಕಾಲದಿಂದಲೂ ನಮ್ಮವರಿಗೆ ಈ ಚಾಳಿ ಇದೆ ಎಂದಾಯಿತು.

ಜನವರಿ ೨೫, ಸೋಮವಾರ

ಸಾಲಿನವರ ಮುಂದೆ ನನ್ನ ಯೋಜನೆ ವಿವರಿಸಿದೆ. ಚಳಿ ಎಷ್ಟಿತ್ತೆಂದರೆ ಮನೆಯಲ್ಲೇ ಇರಬಹುದು ಎಂದ ಕೂಡಲೇ ಎಲ್ಲರೂ ಒಪ್ಪಿದರು. ರಿಪ್ಸಿಕ್ ಒಬ್ಬಳೇ ನೋಟ್‌ಬುಕ್ಕನ್ನು ಎದೆಗೆ ಒತ್ತಿಕೊಂಡು ನಿಂತಳು.

“ಹೆಸರು ಕೂಗದೇ ಇದ್ರೆ ಯಾರು ಬಂದಿದಾರೆ, ಯಾರು ಬಂದಿಲ್ಲ ಅಂತ ಹೇಗೆ ಗೊತ್ತಾಗುತ್ತೆ ಪ್ರೊಫೆಸರ್?”

“ಬ್ರೆಡ್ಡು ಉಳಿದ್ರೆ ಬಂದಿಲ್ಲ ಅಂತ.”

“ಉಳಿದದ್ದು ಏನ್ಮಾಡ್ತೀರಿ?”

“ಮಾರನೇ ದಿನದ ಲೆಕ್ಕಕ್ಕೆ ಸೇರುತ್ತೆ.”

ಆಕೆ ನೋಟ್‌ಬುಕ್ಕು ಕೊಟ್ಟಳು. ಕೊಡುವಾಗ, “ಟ್ರಾಲಿಬಸ್ಸಿಗೂ ವೇಳಾಪಟ್ಟಿ ಇತ್ತು, ನಾನೇನು ಕಂಡಿಲ್ವಾ,” ಎಂದು ಗೊಣಗಿದಳು. ಅಧಿಕಾರ ಹೋಗುವ ಸಂಕಟ ಯಾರಿಗಾದರೂ ಇರುತ್ತದೆ.

ಫೆಬ್ರವರಿ ೧, ಸೋಮವಾರ

ಗೆದ್ದೆ. ಎಂಟೂವರೆಗೆ ಬಾಗಿಲು ತೆರೆಯಿತು, ಹತ್ತು ಐವತ್ತಕ್ಕೆ ನೂರನಲವತ್ತನೆಯ ಗ್ರಾಹಕ ಬ್ರೆಡ್ಡು ಒಯ್ದ. ಅಂಗಳ ಖಾಲಿ. ಗುದ್ದಾಟವಿಲ್ಲ, ಜಗಳವಿಲ್ಲ, ಗೀಗೊನ ಹೊಟ್ಟೆಯ ಸುದ್ದಿಯಿಲ್ಲ. ಅಂಗಡಿಯ ಹುಡುಗಿ ನನ್ನನ್ನು ಒಳಗೆ ಕರೆದು ಅಗ್ಗಿಷ್ಟಿಕೆಯ ಮುಂದೆ ಕೂರಿಸಿದಳು.

“ಅಂಗಳ ಬಿಕೋ ಅಂತಿದೆ,” ಎಂದಳು ಸಾತೆನಿಕ್ ಕಿಟಕಿಯಿಂದ ಮುಖ ತಿರುಗಿಸಿ. “ಯಾರನ್ನ ನೋಡಿಕೊಂಡು ಕೂರಲಿ ನಾನು?”

“ನನ್ನ ನೋಡು.”

“ನಲವತ್ತು ವರ್ಷ ನೋಡಿದೀನಿ.”

ಫೆಬ್ರವರಿ ೫, ಶುಕ್ರವಾರ

ಪಾಠದ ಸಾರಾಂಶ ಬರೆದು ನೋರಾಯರನಿಗೆ ಕೊಟ್ಟೆ. ಅವನು ಅಲ್ಲೇ ನಿಂತು ಓದಿದ. “ಮೇಷ್ಟ್ರೇ, ಇದು ಪಾಸಲ್ಲ, ಚಿನ್ನದ ಪದಕ,” ಎಂದ. ಡೀನ್‌ಗೂ ತೋರಿಸಿದನಂತೆ. ಅವರು ನಗರಸಭೆಯವರನ್ನೂ ಪಾಠಕ್ಕೆ ಕರೆಯುತ್ತಾರಂತೆ. ಸಾರಾಂಶ ಅಚ್ಚಿಗೆ ಹೋಯಿತು.

ಫೆಬ್ರವರಿ ೯, ಮಂಗಳವಾರ

ಬ್ರೆಡ್ಡಿನ ಲಾರಿ ಎರಡು ಗಂಟೆ ತಡ. ವೇಳೆಯನ್ನೆಲ್ಲ ಮುಂದಕ್ಕೆ ಸರಿಸಿ ಅಂಗಳದ ಆಚೀಚೆಯ ಎರಡೂ ಕಟ್ಟಡಗಳ ಬಾಗಿಲಿಗೆ ಹೊಸ ಪಟ್ಟಿ ಅಂಟಿಸಿದೆ. ಸಣ್ಣ ತೊಂದರೆ.

ಫೆಬ್ರವರಿ ೧೩, ಶನಿವಾರ

ಇವತ್ತು ಬೆಂಕಿ ಹಬ್ಬ. ಸಂಜೆ ಅಂಗಳದಲ್ಲಿ ಒಂದಿಷ್ಟು ಮುರುಕು ಪೆಟ್ಟಿಗೆ ಸುಟ್ಟರು. ಹೊಸದಾಗಿ ಮದುವೆಯಾದ ಒಂದು ಜೋಡಿ ಕೈ ಹಿಡಿದು ಬೆಂಕಿ ದಾಟಿತು. ಸಾತೆನಿಕ್ ಕಿಟಕಿಗೆ ಮೂಗು ಒತ್ತಿ ನೋಡಿದಳು. ಆಮೇಲೆ ಕೇಳಿದಳು:

“ಹೈಕಾನುಷ್ ಬಂದಿಲ್ವಲ್ಲ. ಈ ಬೆಂಕಿ ಅವಳು ತಪ್ಪಿಸೋದೇ ಇಲ್ಲ. ಎಪ್ಪತ್ತೆಂಟಾದ್ರೂ ಹೋದ ವರ್ಷ ಕೋಲು ಹಿಡ್ಕೊಂಡು ಬೂದಿ ದಾಟಿದ್ಲು.”

“ಚಳಿ ಅಂತ ಮಲಗಿರಬೇಕು.”

“ನಿನ್ನ ಹತ್ರ ಬ್ರೆಡ್ಡು ತಗೊಂಡ್ಲಾ ಇವತ್ತು?”

ನೋಟ್‌ಬುಕ್ಕು ತೆಗೆದು ನೋಡಿದೆ. ನಮ್ಮ ಎದುರು ಕಟ್ಟಡದ ಮೂರನೇ ಮಹಡಿಯ ಒಂಟಿ ಹೆಂಗಸು, ಎರಡನೇ ಗುಂಪು, ಎಂಟು ನಲವತ್ತು. ಆ ಗುಂಪಿನಲ್ಲಿ ಗುರುವಾರ ಒಂದು ಪಾಲು ಉಳಿದಿತ್ತು. ಶುಕ್ರವಾರ ಒಂದು. ಇವತ್ತು ಒಂದು. ಮೂರೂ ಕಡೆ ನಾನೇ, ನನ್ನ ಕೈಯಲ್ಲೇ, ‘ಉಳಿತಾಯ’ ಎಂದು ಬರೆದಿದ್ದೆ.

ಕೋಟು ಹಾಕಿಕೊಂಡು ರಿಪ್ಸಿಕ್‌ಳ ಮನೆಗೆ ಓಡಿದೆ. ಅಲ್ಲಿಂದ ಇಬ್ಬರೂ ಹೈಕಾನುಷ್‌ಳ ಮೂರನೇ ಮಹಡಿಗೆ. ನಾನು ಬಾಗಿಲು ಬಡಿದೆ, ರಿಪ್ಸಿಕ್ ಬಾಗಿಲು ಒಡೆದಳು.

ಫೆಬ್ರವರಿ ೧೪, ಭಾನುವಾರ

ಬದುಕಿದ್ದಾಳೆ. ನ್ಯುಮೋನಿಯಾ. ಆಂಬುಲೆನ್ಸಿಗೆ ಪೆಟ್ರೋಲಿರಲಿಲ್ಲ. ರಿಪ್ಸಿಕ್ ಯಾರದೋ ಕಾರು ನಿಲ್ಲಿಸಿ, ಬೈದು, ಹತ್ತಿಸಿಕೊಂಡು ಹೋದಳು.

ಫೆಬ್ರವರಿ ೧೫

ಬರೆಯಲು ಏನೂ ಇಲ್ಲ.

ಫೆಬ್ರವರಿ ೧೬

ಪ್ರೊಫೆಸರು ನೂರನಲವತ್ತು ಜನರ ಐವತ್ತೆಂಟು ಗಂಟೆ ಉಳಿಸಿದರು.

ಫೆಬ್ರವರಿ ೨೦, ಶನಿವಾರ

ಆಸ್ಪತ್ರೆಗೆ ನಡೆದೇ ಹೋದೆ, ಒಂದೂವರೆ ಗಂಟೆ. ಸಾತೆನಿಕ್ ಒಣ ಏಪ್ರಿಕಾಟ್ ಬೇಯಿಸಿ ಶೀಶೆಯಲ್ಲಿ ಕೊಟ್ಟಿದ್ದಳು. ವಾರ್ಡಿನಲ್ಲಿ ಎಲ್ಲರೂ ಟೋಪಿ ಹಾಕಿಕೊಂಡೇ ಮಲಗಿದ್ದರು. ಹೈಕಾನುಷ್ ಅಕ್ಕ ನನ್ನನ್ನು ಗುರುತಿಸಿ ಎದ್ದು ಕೂರಲು ನೋಡಿದಳು.

“ಕಾಲು ಹೇಗಿದೆ ಸಾತೆನಿಕ್‌ದು?” ಇದು ಮೊದಲ ಪ್ರಶ್ನೆ.

“ಚೆನ್ನಾಗಿದೆ. ನೀನು ಹೇಗಿದ್ದೀ ಅಕ್ಕ?”

“ಇದ್ದೀನಿ ತಮ್ಮ. ಗುರುವಾರ ಏಳೋಕೇ ಆಗಲಿಲ್ಲ. ಕೂಗಿದೆ, ದನಿ ಬರಲಿಲ್ಲ. ಆಮೇಲೆ ಅಂದ್ಕೊಂಡೆ, ಹೋಗಲಿ ಬಿಡು, ಎಂಟಕ್ಕೆ ಹಾಜರಿ ಕೂಗ್ತಾರಲ್ಲ, ಹೈಕಾನುಷ್ ಎಲ್ಲಿ ಅಂತ ರಿಪ್ಸಿಕ್ ಕಿರುಚಿದ್ರೆ ಮೂರನೇ ಮಹಡಿಗೂ ಕೇಳುತ್ತೆ, ಯಾರಾದ್ರೂ ಹತ್ತಿ ಬರ್ತಾರೆ ಅಂತ. ಜ್ವರ ನೋಡು, ಹಾಜರಿ ನಿಂತೋಗಿದ್ದೇ ಮರೆತುಬಿಟ್ಟಿದ್ದೆ. ಮೂರು ದಿನ ಕಿವಿ ಕೊಟ್ಕೊಂಡೇ ಮಲಗಿದ್ದೆ.”

ಆಕೆ ದೂರುತ್ತಿರಲಿಲ್ಲ. ತನ್ನ ಮರೆವನ್ನು ತಾನೇ ಹಾಸ್ಯ ಮಾಡಿಕೊಳ್ಳುತ್ತಿದ್ದಳು. ನನಗೆ ಅಳು ಬಂತು. ಏಪ್ರಿಕಾಟಿನ ಶೀಶೆಯ ಮುಚ್ಚಳ ಬಿಗಿಯಾಗಿತ್ತು, ಅದನ್ನು ತೆಗೆಯುವ ನೆಪದಲ್ಲಿ ಬಹಳ ಹೊತ್ತು ತಲೆ ತಗ್ಗಿಸಿ ಕೂತೆ.

ಫೆಬ್ರವರಿ ೨೨, ಸೋಮವಾರ

ನೋಟ್‌ಬುಕ್ಕು ವಾಪಸು ಕೊಡಲು ಹೋದೆ. ರಿಪ್ಸಿಕ್ ತೆಗೆದುಕೊಳ್ಳಲಿಲ್ಲ.

“ನೀವು ನಿಲ್ಲಿಸಿದ್ದು, ನೀವೇ ಶುರು ಮಾಡಿ,” ಎಂದಳು. “ನಾಳೆ ಎಂಟಕ್ಕೆ. ಜೋರಾಗಿ ಕೂಗಬೇಕು. ಪಾಠ ಮಾಡೋ ದನಿ ಬೇಡ, ನಿದ್ದೆ ಬರುತ್ತೆ.”

ಫೆಬ್ರವರಿ ೨೬, ಶುಕ್ರವಾರ

ಹೆಸರು ಕೂಗಿ ಕೂಗಿ ಗಂಟಲು ಕಟ್ಟಿದೆ. ಸಾತೆನಿಕ್ ಕಾಡುತುಳಸಿಯಂಥ ಅದ್ಯಾವುದೋ ಎಲೆಯ ಚಹಾ ಮಾಡಿಕೊಟ್ಟಳು. ಅವಳ ಪ್ಲಾಸ್ಟರು ಬಿಚ್ಚಿದ್ದಾರೆ, ಕುಂಟುತ್ತ ಓಡಾಡುತ್ತಾಳೆ. ನಾಳೆಯಿಂದ ತಾನೇ ಬ್ರೆಡ್ಡಿಗೆ ಹೋಗುತ್ತೇನೆ ಎಂದಳು. ಮಂಜು ಇನ್ನೂ ಕರಗಿಲ್ಲ, ಬೇಡ ಎಂದೆ.

ಇವತ್ತು ಗೀಗೊನ ಹೆಂಡತಿಗೆ ಹೆಣ್ಣುಮಗು. ಹಾಜರಿಯಲ್ಲಿ ಅವನ ಹೆಸರು ಕೂಗಿದಾಗ “ಇದ್ದೀನಿ, ಮೂರು ಜನ ಇದ್ದೀವಿ” ಎಂದ. ಹೆಸರೇನಿಡುತ್ತಾರೆಂದು ನಾಳೆ ಕೇಳಬೇಕು. ೮೮ನೆಯ ವರಾಜ್ದಾತನ ಬೂಟಿನ ತಳ ಕಿತ್ತಿದೆ. ನನ್ನ ಹಳೆಯ ಜೊತೆ ಅವನಿಗೆ ಆಗುತ್ತದೇನೋ ನೋಡಬೇಕು. ಮೇರಿಯ ಮಗ ಗಡಿಯಿಂದ ಕಾಗದ ಬರೆದಿದ್ದಾನೆ, ಅವಳು ಅದನ್ನು ಸಾಲಿಗೆಲ್ಲ ಓದಿ ಹೇಳಿದಳು, ಎರಡು ಸಲ. ಇಪ್ಪತ್ತೈದು ನಿಮಿಷ ಸಾಲದೆ ಮೂವತ್ತೈದು ಆಯಿತು.

ಪಾಠದ ಟಿಪ್ಪಣಿ ಮುಟ್ಟಿಲ್ಲ.

ಮಾರ್ಚ್ ೩, ಬುಧವಾರ

ವಿಭಾಗದಲ್ಲಿ ನೋರಾಯರ್ ಅಚ್ಚಾದ ಸಾರಾಂಶ ತಂದುಕೊಟ್ಟ. ‘ಬ್ರೆಡ್ಡಿನ ವಿತರಣೆಯಲ್ಲಿ ಸಮಯದ ಉಳಿತಾಯ: ಯಶಸ್ವೀ ಪ್ರಯೋಗ’. ಕೆಳಗೆ ನನ್ನ ಹೆಸರು, ಪದವಿಗಳು.

“ನೋರಾಯರ್, ಆ ಪ್ರಯೋಗ ನಿಂತುಹೋಯ್ತು.”

“ಯಾಕೆ?”

ಹೇಳಿದೆ. ಅವನು ಕನ್ನಡಕ ತೆಗೆದು ಒರೆಸಿದ. ಒಳ್ಳೆಯ ಹುಡುಗ. ಅವನ ತಾಯಿಯೂ ಒಬ್ಬಳೇ ಇರುವುದು ಎಂದು ನನಗೆ ಇವತ್ತೇ ಗೊತ್ತಾದದ್ದು. ಹತ್ತೊಂಬತ್ತು ವರ್ಷದಿಂದ ಬಲ್ಲೆ, ಕೇಳಿಯೇ ಇರಲಿಲ್ಲ.

“ಅಕ್ಕ ಬದುಕಿದಾರಲ್ಲ ಮೇಷ್ಟ್ರೇ,” ಎಂದ ಕೊನೆಗೆ. “ಮೊದಲ ಹತ್ತು ದಿನ ಯೋಜನೆ ಸರಿಯಾಗೇ ನಡೀತು, ಅಂಕಿ ಅಂಶ ನಿಮ್ಮ ಹತ್ರ ಇದೆ, ಅದು ಸುಳ್ಳಲ್ಲ. ಅಷ್ಟು ಹೇಳಿ ಸಾಕು. ಡೀನ್ ಇಡೀ ಊರಿಗೆ ಹೇಳ್ಕೊಂಡು ಬಂದಿದಾರೆ. ಈಗ ಅವರ ಮುಖಕ್ಕೆ ಮಸಿ ಬಳಿದ್ರೆ ನಿಮ್ಮ ಹುದ್ದೆ ಉಳಿಯಲ್ಲ.”

ಅವನ ಮಾತಿನಲ್ಲಿ ತಪ್ಪಿಲ್ಲ. ಅಂಕಿ ಅಂಶ ಸುಳ್ಳಲ್ಲ.

ಮಾರ್ಚ್ ೧೦, ಬುಧವಾರ

ಸಾತೆನಿಕ್ ನನ್ನ ಕಪ್ಪು ಸೂಟಿಗೆ ಇದ್ದಿಲು ಇಸ್ತ್ರಿ ತಿಕ್ಕಿದಳು. ಪ್ಯಾಂಟು ಸೊಂಟದಲ್ಲಿ ನಾಲ್ಕು ಬೆರಳು ಸಡಿಲ.

“ನಾಳೆ ಏನು ಹೇಳ್ತೀಯ?”

“ಇನ್ನೂ ಗೊತ್ತಿಲ್ಲ.”

ಇಸ್ತ್ರಿ ಪೆಟ್ಟಿಗೆ ಕೆಳಗಿಟ್ಟು ನನ್ನ ಹಣೆ ಮುಟ್ಟಿ ನೋಡಿದಳು, ಜ್ವರ ಇದೆಯೇ ಎಂದು.

ಮಾರ್ಚ್ ೧೧, ಗುರುವಾರ

ದೊಡ್ಡ ಸಭಾಂಗಣ ತುಂಬಿತ್ತು. ಎಲ್ಲರೂ ಟೋಪಿ, ಕೈಗವಸು ಸಮೇತ. ಮಾತಾಡಿದರೆ ಬಾಯಿಂದ ಹೊಗೆ. ಸೀಮೆಸುಣ್ಣ ಹಿಡಿದ ಕೂಡಲೇ ನನಗೆ ಹಳೆಯ ಹುರುಪು ಬಂತು. ಯೋಜನೆ ಬಿಡಿಸಿದೆ, ಹದಿನಾಲ್ಕು ಗುಂಪು ಬರೆದೆ, ಐವತ್ತೆಂಟು ಮಾನವ-ಗಂಟೆಗೆ ಎರಡು ಗೆರೆ ಎಳೆದೆ. ನಗರಸಭೆಯವರು ಬರೆದುಕೊಂಡರು. ಡೀನ್ ಪಕ್ಕದವರ ಕಡೆ ಬಾಗಿ ಏನೋ ಹೇಳಿ ನಕ್ಕರು. ಅಲ್ಲಿಗೆ ಮುಗಿಸಬಹುದಿತ್ತು. ಮೂವತ್ತೆರಡು ವರ್ಷ ಹಾಗೆಯೇ ಮುಗಿಸಿದ್ದೇನೆ.

‘ಉಳಿತಾಯ’ ಎಂದು ದೊಡ್ಡದಾಗಿ ಬರೆದೆ. ಅದರ ಕೆಳಗೆ ಮೂರು ತಾರೀಖು ಬರೆದೆ. ಆಮೇಲೆ ಆ ಮೂರು ಪಾಲು ಯಾರದಾಗಿತ್ತು, ಆಗ ಅವಳು ಎಲ್ಲಿದ್ದಳು, ಏನು ಕೇಳಿಸಿಕೊಳ್ಳಲು ಕಾಯುತ್ತಿದ್ದಳು ಎಂದು ಹೇಳಿದೆ. ಹೆಸರು ಸಹಿತ ಹೇಳಿದೆ. ನಾನು ವ್ಯರ್ಥ ಎಂದು ಕಿತ್ತುಹಾಕಿದ ಇಪ್ಪತ್ತೈದು ನಿಮಿಷವೇ ಆ ಸಾಲಿನ ಅರ್ಧ ಕೆಲಸವಾಗಿತ್ತು, ನನ್ನ ಕಣ್ಣಿಗೆ ಬರೀ ಬ್ರೆಡ್ಡು ಬಿದ್ದಿತ್ತು ಎಂದೆ.

ಡೀನ್ ಎದ್ದು ನಿಂತರು. “ಪ್ರೊಫೆಸರ್ ಖಲಾತ್ಯಾನ್, ಸಾರಾಂಶದಲ್ಲಿ ಇದಿಲ್ಲ. ಹಾಗಾದ್ರೆ ನಿಮ್ಮ ತೀರ್ಮಾನ ಏನು? ಯೋಜನೆ ಸರೀನಾ, ತಪ್ಪಾ? ಹಾಜರಿಗೆ ಬೆಲೆ ಎಷ್ಟು?”

“ಗೊತ್ತಿಲ್ಲ,” ಎಂದೆ. “ಅದನ್ನ ಲೆಕ್ಕ ಹಾಕೋದು ನನಗೆ ಬರಲಿಲ್ಲ. ಇಲ್ಲಿ ಯಾರಿಗಾದ್ರೂ ಬಂದ್ರೆ ಕಲೀತೀನಿ.”

ಯಾರೂ ಚಪ್ಪಾಳೆ ತಟ್ಟಲಿಲ್ಲ. ಹಿಂದಿನ ಬೆಂಚಿನಲ್ಲಿ ಒಬ್ಬ ಹುಡುಗಿ ಕೈಗವಸು ತೆಗೆದು ಏನನ್ನೋ ಬರೆದುಕೊಳ್ಳುತ್ತಿದ್ದಳು. ಮತದಾನಕ್ಕೆ ನಮ್ಮನ್ನು ಹೊರಗೆ ಕಳಿಸಿದರು. ಹೊತ್ತು ಬಹಳವಾಗಿತ್ತು. ಇವತ್ತು ಹೈಕಾನುಷ್ ಅಕ್ಕನನ್ನು ಆಸ್ಪತ್ರೆಯಿಂದ ಕರೆದುಕೊಂಡು ಬರುವ ದಿನ, ರಿಪ್ಸಿಕ್ ಒಬ್ಬಳಿಗೆ ಮೂರು ಮಹಡಿ ಹತ್ತಿಸಲಾಗದು. ಕಾಯಲಿಲ್ಲ, ಬಂದುಬಿಟ್ಟೆ. ಅಕ್ಕ ಹಗುರಾಗಿದ್ದಾಳೆ. ಪ್ರತಿ ಮಹಡಿಯಲ್ಲೂ ನಿಂತು ನಮ್ಮಿಬ್ಬರನ್ನೂ ಬೈದಳು.

ಸಾತೆನಿಕ್ ಫಲಿತಾಂಶ ಏನಾಯಿತು ಎಂದು ಕೇಳಿದಾಗಲೇ ನನಗೆ ನೆನಪಾದದ್ದು.

ಮಾರ್ಚ್ ೧೨, ಶುಕ್ರವಾರ

ಬೆಳಿಗ್ಗೆ ಹಾಜರಿ ನಲವತ್ತರವರೆಗೆ ಬಂದಿತ್ತು. ನೋರಾಯರ್ ಅಂಗಳ ದಾಟಿ ಬಂದ. ಮೊದಲ ಸಲ ಬಂದದ್ದು. ಸಾಲಿನವರೆಲ್ಲ ಮಧ್ಯೆ ನುಗ್ಗಲು ಬಂದವನೆಂದು ಗುರಾಯಿಸಿದರು.

“ಮೇಷ್ಟ್ರೇ, ಸ್ವಲ್ಪ ಈ ಕಡೆ ಬನ್ನಿ.”

“ಇಲ್ಲೇ ಹೇಳಪ್ಪ, ಹಾಜರಿ ಮಧ್ಯೆ ಬಿಡೋಕಾಗಲ್ಲ.”

“ಎಲ್ಲರ ಮುಂದೇನಾ?”

“ಹೂಂ.”

ಅವನು ದನಿ ತಗ್ಗಿಸಿದ, ಆದರೆ ಹೆಪ್ಪುಗಟ್ಟಿದ ಅಂಗಳದಲ್ಲಿ ಪಿಸುಮಾತೂ ಕೇಳುತ್ತದೆ. “ಹನ್ನೊಂದು ಪರ, ಹನ್ನೊಂದು ವಿರುದ್ಧ. ಸಮ ಆದ್ರೆ ಒಂದು ವಾರದಲ್ಲಿ ಇನ್ನೊಂದು ಸಲ ಪಾಠ ಮಾಡಬಹುದು ಅಂತ ನಿಯಮ ಇದೆ. ಡೀನ್ ಹತ್ರ ಮಾತಾಡಿದೀನಿ. ಒಂದೇ ಒಂದು ಕೇಳ್ತಾರೆ. ಕೊನೇ ಭಾಗ ಬಿಟ್ಟುಬಿಡಿ. ಆ ಅಕ್ಕನ ವಿಷಯ ಬೇಡ. ಬಿಟ್ರೆ ಅವರ ಮತ ನಿಮಗೇ. ಹುದ್ದೆ ಉಳಿಯುತ್ತೆ ಮೇಷ್ಟ್ರೇ, ಎಪ್ಪತ್ತರವರೆಗೂ.”

ಅಂಗಡಿಯ ಬಾಗಿಲ ಬಳಿ ಸ್ಟೂಲಿನ ಮೇಲೆ, ಮೂರು ಶಾಲು ಹೊದ್ದು ಹೈಕಾನುಷ್ ಅಕ್ಕ ಕೂತಿದ್ದಳು. ಬರಬೇಡವೆಂದರೂ ಕೇಳದೆ ಇಳಿದುಬಂದವಳು.

“ನನ್ನ ವಿಷಯಾನಾ?” ಎಂದಳು. “ತೆಗೆದುಬಿಡು ತಮ್ಮ. ನನಗೇನೂ ಬೇಜಾರಿಲ್ಲ. ಮೂವತ್ತು ವರ್ಷದ ಕೆಲಸ, ಹೆಂಡತಿ ಇದಾಳೆ ಮನೇಲಿ. ನಾನೇನು ದೊಡ್ಡ ಮನುಷ್ಯಳಾ, ನನ್ನ ಹೆಸರು ಅಲ್ಲಿ ಇಲ್ಲದೇ ಇದ್ರೆ ಏನಾಯ್ತು? ಬಿಟ್ಟುಬಿಡು.”

ನೋರಾಯರನ ಮುಖ ಅರಳಿತು. ಎಲ್ಲರೂ ನನ್ನ ಕಡೆ ನೋಡುತ್ತಿದ್ದರು. ಹುದ್ದೆ ನನಗೆ ಬೇಕಾಗಿತ್ತು, ಇಲ್ಲವೆಂದರೆ ಸುಳ್ಳಾಗುತ್ತದೆ.

“ನಿನ್ನ ಹೆಸರು ಒಂದು ಸಲ ಬಿಟ್ಟಾಗಿದೆ, ಅಕ್ಕ,” ಎಂದೆ.

ನೋರಾಯರ್ ಬಂದ ದಾರಿಯಲ್ಲೇ ವಾಪಸು ಹೋದ. ನಾನು ನಲವತ್ತೊಂದನೆಯ ಹೆಸರು ಕೂಗಿದೆ.